ಕನ್ನಡ ಬ್ಲಾಗ್: ಬ್ಲಾಗರ್ರಾ, ವರ್ಡ್‌ಪ್ರೆಸ್ಸಾ?

ಠಾಣೆ, ಐರೋಲಿ, ಪೊವಾಯಿ ಕಡೆಯ ಐಟಿ ಗೆಳೆಯರು ಆಗಾಗ ಕೇಳೋ ಪ್ರಶ್ನೆ ಇದು: "ಅಪ್ಪ ಮುಂಬಯಿಗೆ ಬಂದು ಹೋಟೆಲಲ್ಲಿ ದುಡಿದದ್ದು, ಕನ್ನಡ ರಾತ್ರಿಶಾಲೆಯಲ್ಲಿ ಓದಿದ್ದು, ಎಲ್ಲ ಬರೆದಿಡಬೇಕು. ಎಲ್ಲಿ ಬ್ಲಾಗ್ ಶುರು ಮಾಡ್ಲಿ?" ಹೆಚ್ಚಿನವರು ಥೀಮ್ ನೋಡಿ ಆರಿಸ್ತಾರೆ. ಥೀಮ್ ಯಾವಾಗ ಬೇಕಾದರೂ ಬದಲಾಯಿಸಬಹುದು. ಮೊದಲು ನೋಡಬೇಕಾದ್ದು ಬೇರೆ ಮೂರು ಇವೆ.

1. ವಿಳಾಸ ಯಾರದು?

2009ರಲ್ಲಿ ಯಾಹೂ ತನ್ನ ಜಿಯೋಸಿಟೀಸ್ ಮುಚ್ಚಿತು. 2014ರಲ್ಲಿ ಆರ್ಕುಟ್ ಹೋಯ್ತು, 2019ರಲ್ಲಿ ಗೂಗಲ್ ಪ್ಲಸ್. 1999ರಲ್ಲಿ ಶುರುವಾದ ಬ್ಲಾಗರ್ ಅನ್ನು ಗೂಗಲ್ 2003ರಲ್ಲಿ ಕೊಂಡಿತು, ಇವತ್ತಿಗೂ ನಡೀತಿದೆ. ಆದರೆ ಎಷ್ಟು ದಿನ ಅನ್ನೋದು ನಮ್ಮ ಕೈಲಿಲ್ಲ. ಮುಂಬಯಿಯಲ್ಲಿ 11 ತಿಂಗಳ ಅಗ್ರಿಮೆಂಟ್ ಮೇಲೆ ಮನೆ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕೇ ಸ್ವಂತ ಡೊಮೈನ್ ತಗೊಳ್ಳಿ. ವರ್ಷ ವರ್ಷ ನವೀಕರಿಸಬೇಕು ನಿಜ, ಆದರೆ ಪ್ಲಾಟ್‌ಫಾರ್ಮ್ ಬದಲಾದರೂ ಓದುಗರಿಗೆ ಅದೇ ಹೆಸರು. ಬ್ಲಾಗರ್‌ನಲ್ಲಿ ಅದನ್ನು ಜೋಡಿಸೋಕೆ ಹೆಚ್ಚಿನ ದುಡ್ಡಿಲ್ಲ. ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಿ ಹಣ ಕೊಡುವ ಪ್ಲಾನ್ ಬೇಕು.

2. ಕನ್ನಡ ಹೇಗೆ ಕೂರುತ್ತೆ?

ಯೂನಿಕೋಡ್ ಕನ್ನಡ ಎರಡರಲ್ಲೂ ಚೆನ್ನಾಗಿ ಕಾಣುತ್ತೆ. ತೊಡಕು ಇರೋದು ಲಿಂಕ್‌ನಲ್ಲಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್. ಅದು ಯುಆರ್‌ಎಲ್ ಒಳಗೆ ಹೋದಾಗ 9 ಅಕ್ಷರವಾಗುತ್ತೆ. 'ಮುಂಬಯಿ' ಅನ್ನೋ ಪದದಲ್ಲಿ ಗುಣಿತ, ಸೊನ್ನೆ ಸೇರಿ 6 ಚಿಹ್ನೆ, ಅಂದರೆ 54 ಅಕ್ಷರ. ವರ್ಡ್‌ಪ್ರೆಸ್‌ನಲ್ಲಿ ಈ ಭಾಗಕ್ಕೆ ಮಿತಿ 200, ಹಾಗಾಗಿ ಸುಮಾರು 22 ಚಿಹ್ನೆಗೆ ಶೀರ್ಷಿಕೆ ತುಂಡಾಗುತ್ತೆ. ಬ್ಲಾಗರ್ ಕನ್ನಡ ಶೀರ್ಷಿಕೆಯನ್ನೇ ಬಿಟ್ಟು 'ಬ್ಲಾಗ್-ಪೋಸ್ಟ್' ಅಂತ ಹಾಕಿಬಿಡುತ್ತೆ. ಎರಡರಲ್ಲೂ ಪರಿಹಾರ ಒಂದೇ: ಪ್ರಕಟಿಸುವ ಮೊದಲೇ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕ ಲಿಂಕ್ ನೀವೇ ಕೊಡಿ.

ಅಪ್ಪನ ಬರಹ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದವರಿಗೆ ಅದು ಬರೀ ಚಿತ್ರವಿಚಿತ್ರ ಅಕ್ಷರ, ಹುಡುಕಿದರೂ ಸಿಗಲ್ಲ.

3. ಬಿಟ್ಟು ಹೊರಡುವಾಗ ಏನು ಸಿಗುತ್ತೆ?

ಎರಡೂ ಕಡೆ ಬರಹಗಳನ್ನು ಎಕ್ಸ್‌ಎಂಎಲ್ ಫೈಲಾಗಿ ಇಳಿಸಿಕೊಳ್ಳಬಹುದು. ಆದರೆ ಅದರಲ್ಲಿ ಫೋಟೋ ಇರಲ್ಲ, ಫೋಟೋದ ಲಿಂಕ್ ಮಾತ್ರ. ಹಳೆಯ ಫೋಟೋಗಳ ಸ್ಕ್ಯಾನ್ ಪ್ರತಿ ಮನೆಯಲ್ಲಿ ಬೇರೆಯೇ ಇರಲಿ.

ಹಾಗಾದ್ರೆ ಯಾವುದು?

ಒಬ್ಬರೇ ಬರೆಯೋದು, ಲೋಕಲ್‌ನಲ್ಲಿ ಕೂತು ಫೋನಲ್ಲಿ ಟೈಪ್ ಮಾಡೋದು ಅಂದ್ರೆ ಬ್ಲಾಗರ್ ಮತ್ತು ಸ್ವಂತ ಡೊಮೈನ್ ಸಾಕು. ನಾಲ್ಕಾರು ಜನ ಸೇರಿ ಬರೀತೀರಿ, ವಿಭಾಗಗಳು ಬೇಕು ಅಂದ್ರೆ ವರ್ಡ್‌ಪ್ರೆಸ್. ಇಂಜಿನಿಯರ್ ಅನ್ನೋ ಒಂದೇ ಕಾರಣಕ್ಕೆ ಸ್ವಂತ ಸರ್ವರ್ ಹಾಕ್ಬೇಡಿ. ಅಪ್‌ಡೇಟ್, ಭದ್ರತೆ, ಬ್ಯಾಕಪ್ ಎಲ್ಲ ನಿಮ್ಮ ತಲೆಗೇ ಬರುತ್ತೆ, ರಿಲೀಸ್ ಇರೋ ವಾರ ಬರೆಯೋದು ನಿಂತೇ ಹೋಗುತ್ತೆ. ಫೇಸ್‌ಬುಕ್, ವಾಟ್ಸ್ಯಾಪ್ ಲಿಂಕ್ ಹಂಚೋಕೆ ಇರಲಿ, ಕೂಡಿಡೋಕೆ ಅಲ್ಲ.

ಕೊನೆಗೊಂದು ಮಾತು. 2 ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಅಳಿಸುವ ಹಕ್ಕನ್ನು ಗೂಗಲ್ ಇಟ್ಟುಕೊಂಡಿದೆ. ಖಾತೆಯ ಸೆಟ್ಟಿಂಗ್‌ನಲ್ಲಿ 'ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್' ತೆರೆದು ಮನೆಯ ಇನ್ನೊಬ್ಬರ ಹೆಸರು ಸೇರಿಸಿ. ಅದಾದ ಮೇಲೆ ಮೊದಲ ಬರಹ ಹಾಕಿ.