ಸ್ವಪ್ನಶಬ್ದಾರ್ಥವೂ ನವೀನ ನಿದ್ರಾಶಾಸ್ತ್ರವೂ

ಚರಕಸಂಹಿತೆಯ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಶರೀರವನ್ನು ಆತುಕೊಂಡಿರುವ ಉಪಸ್ತಂಭಗಳು ಮೂರೆಂದು ಹೇಳಿದೆ. ಆಹಾರ, ಸ್ವಪ್ನ, ಬ್ರಹ್ಮಚರ್ಯ ಎಂಬಿವೇ ಆ ಮೂರು. ಇದನ್ನು ಕನ್ನಡದ ಕಿವಿಯಿಂದ ಕೇಳಿದವರು, ಅನ್ನದಂತೆ ಕನಸೂ ದೇಹಕ್ಕೆ ಆಧಾರವೆಂಬುದು ಚರಕನ ಮತವೆಂದು ಭ್ರಮಿಸುವುದುಂಟು. ಆದರೆ ಇಲ್ಲಿ ಸ್ವಪ್ನವೆಂದರೆ ಕನಸಲ್ಲ, ನಿದ್ರೆ. 'ಸ್ವಪ್' ಎಂಬ ಧಾತುವಿಗೆ ಮಲಗುವುದೇ ಅರ್ಥ. ಅದಕ್ಕೆ 'ನನ್' ಪ್ರತ್ಯಯ ಸೇರಿ ಸ್ವಪ್ನಶಬ್ದವಾಯಿತು. ಗ್ರೀಕರ 'ಹ್ಯುಪ್ನೋಸ್', ಲ್ಯಾಟಿನ್ನಿನ 'ಸೋಮ್ನುಸ್' ಎಂಬಿವೂ ಇದರ ದಾಯಾದಿಗಳೇ; ಅವುಗಳಿಗೂ ನಿದ್ರೆಯೆಂದೇ ಅರ್ಥ. ಆದರೆ ಅದೇ ಚರಕಸಂಹಿತೆಯ ಇಂದ್ರಿಯಸ್ಥಾನದ ಐದನೆಯ ಅಧ್ಯಾಯಕ್ಕೆ ಬಂದರೆ, ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು ಮೊದಲಾಗಿ ಸ್ವಪ್ನಗಳು ಏಳು ಬಗೆಯೆಂದಿದೆ. ಅಲ್ಲಿ ಕನಸೆಂದಲ್ಲದೆ ಬೇರೆ ಅರ್ಥ ಹೊಂದದು. ಒಂದೇ ಗ್ರಂಥ, ಒಂದೇ ಶಬ್ದ, ಅರ್ಥ ಎರಡು. ವೇದಾಂತದಲ್ಲಾದರೋ ಸ್ವಪ್ನವು ಕನಸಿನ ಅವಸ್ಥೆಗೇ ರೂಢವಾಗಿ, ಕನಸಿಲ್ಲದ ನಿದ್ರೆಗೆ ಅದೇ ಧಾತುವಿನಿಂದ ಹುಟ್ಟಿದ ಸುಷುಪ್ತಿಶಬ್ದವು ನಿಂತಿತು. ಯೋಗಸೂತ್ರಕಾರನು ಆ ಸುಷುಪ್ತಿಯನ್ನೇ ನಿದ್ರೆಯೆಂದು ಕರೆದು ಚಿತ್ತದ ಐದು ವೃತ್ತಿಗಳಲ್ಲಿ ಒಂದನ್ನಾಗಿ ಎಣಿಸಿದನು. ನಮ್ಮ ಆಡುಮಾತಿಗೆ ಈ ತೊಡಕಿಲ್ಲ. ನಿದ್ದೆ ಬೇರೆ, ಕನಸು ಬೇರೆ. ನಿದ್ದೆ ಬರುವುದು, ಕನಸು ಬೀಳುವುದು.

ಈ ಶಬ್ದವಿಚಾರವನ್ನು ಇಲ್ಲಿ ಎತ್ತಿದುದಕ್ಕೆ ಕಾರಣವುಂಟು. ನವೀನ ನಿದ್ರಾಶಾಸ್ತ್ರವು ನಿದ್ರೆಯನ್ನು ಎರಡಾಗಿ ವಿಭಾಗಿಸಿದೆಯೆಂಬ ವಾರ್ತೆಯನ್ನು ಕೇಳಿದೊಡನೆಯೇ, ಒಂದಕ್ಕೆ ಸ್ವಪ್ನವೆಂದೂ ಮತ್ತೊಂದಕ್ಕೆ ಸುಷುಪ್ತಿಯೆಂದೂ ಹೆಸರಿಟ್ಟು, ಮಾಂಡೂಕ್ಯದಲ್ಲಿ ಹೇಳಿದುದನ್ನೇ ಪಾಶ್ಚಾತ್ಯರು ಯಂತ್ರದಿಂದ ಕಂಡರೆಂದು ತೃಪ್ತಿಪಡುವ ಉಪನ್ಯಾಸಗಳು ನಮ್ಮಲ್ಲಿ ಅಪರೂಪವಲ್ಲ. ಈ ಸಮೀಕರಣವು ಉಪನಿಷತ್ತಿಗೂ ನ್ಯಾಯವನ್ನೊದಗಿಸದು, ನವೀನಶಾಸ್ತ್ರಕ್ಕೂ ಒದಗಿಸದು ಎಂಬುದೇ ಪ್ರಕೃತ ಲೇಖನದ ಪ್ರತಿಜ್ಞೆ.

ಮೊದಲು ನವೀನರ ಮಾತನ್ನು ಕೇಳೋಣ. ಜರ್ಮನಿಯ ಯೇನಾ ಪಟ್ಟಣದ ಹಾನ್ಸ್ ಬೆರ್ಗರ್ ಎಂಬ ವೈದ್ಯನು ತಲೆಯ ಮೇಲಿಟ್ಟ ತಂತಿಗಳ ಮೂಲಕ ಮನುಷ್ಯನ ಮಿದುಳಿನ ವಿದ್ಯುತ್ತರಂಗಗಳನ್ನು ಬರೆಯಿಸಿ ೧೯೨೯ರಲ್ಲಿ ಪ್ರಕಟಿಸಿದನು. ಅದರಿಂದ, ಮಲಗಿದವನನ್ನು ಎಬ್ಬಿಸದೆಯೇ ಅವನ ನಿದ್ರೆಯ ಆಳವನ್ನು ಅಳೆಯುವ ಉಪಾಯವು ದೊರೆಯಿತು. ೧೯೫೩ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದ ಯೂಜೀನ್ ಆಸೆರಿನ್ಸ್ಕಿ, ನಥಾನಿಯಲ್ ಕ್ಲೈಟ್ಮನ್ ಎಂಬಿಬ್ಬರು, ನಿದ್ರೆಯ ನಡುನಡುವೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣಾಲಿಗಳು ಅತಿವೇಗದಿಂದ ಓಡಾಡುವ ಕಾಲವೊಂದುಂಟೆಂದು ತೋರಿಸಿದರು. ಆ ಕಾಲದಲ್ಲಿ ೨೭ ಸಲ ಎಬ್ಬಿಸಿ ಕೇಳಿದಾಗ ೨೦ ಸಲ ಸ್ಫುಟವಾದ ಕನಸುಗಳು ಹೇಳಲ್ಪಟ್ಟವು. ಕಣ್ಣು ನಿಶ್ಚಲವಾಗಿದ್ದಾಗ ೨೩ ಸಲ ಎಬ್ಬಿಸಿದಾಗ ೧೯ ಸಲ ಏನೂ ನೆನಪಿಲ್ಲವೆಂಬ ಉತ್ತರವೇ ಬಂದಿತು. ಪ್ರಾಪ್ತವಯಸ್ಕರಲ್ಲಿ ಈ ಕಾಲವು ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಮರಳಿ ಮರಳಿ ಬರುವುದು. ಮೊದಲ ಸರದಿ ಚಿಕ್ಕದು, ಬೆಳಗಿನ ಜಾವದ ಸರದಿ ದೀರ್ಘ. ಒಟ್ಟು ನಿದ್ರೆಯ ನಾಲ್ಕನೆಯ ಅಥವಾ ಐದನೆಯ ಒಂದು ಪಾಲು ಇದಕ್ಕೆ ಸಲ್ಲುವುದು; ಹಸುಗೂಸಿನಲ್ಲಿ ಅರ್ಧದಷ್ಟು. ಆಗ ಮಿದುಳಿನ ತರಂಗಗಳು ಎಚ್ಚರದವನ ತರಂಗಗಳನ್ನು ಹೋಲುವುವು, ಕೈಕಾಲುಗಳ ಸ್ನಾಯುಗಳೋ ಸಂಪೂರ್ಣ ಸಡಿಲಗೊಂಡಿರುವುವು. ಫ್ರಾನ್ಸಿನ ಲಿಯೋನ್ ನಗರದಲ್ಲಿ ಬೆಕ್ಕುಗಳ ಮೇಲೆ ಪರೀಕ್ಷೆ ನಡೆಸಿದ ಮಿಶೆಲ್ ಜೂವೆ ಎಂಬಾತನು ಈ ವೈಚಿತ್ರ್ಯವನ್ನು ಕಂಡು ೧೯೫೯ರಲ್ಲಿ ಇದಕ್ಕಿತ್ತ ಹೆಸರನ್ನು ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ 'ವಿರೋಧಾಭಾಸನಿದ್ರೆ' ಎನ್ನಬೇಕು. ಸಾಹಿತ್ಯದ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು.

ಇಷ್ಟರಲ್ಲೇ ನಿಂತಿದ್ದರೆ ಮೇಲ್ಕಂಡ ಸಮೀಕರಣವು ಹೇಗೋ ನಿಲ್ಲುತ್ತಿತ್ತು. ೧೯೫೭ರಲ್ಲಿ ಡಿಮೆಂಟ್ ಮತ್ತು ಕ್ಲೈಟ್ಮನ್ ನಡೆಸಿದ ಪರೀಕ್ಷೆಯಂತೂ ಅದಕ್ಕೆ ಬಲವನ್ನೇ ಕೊಟ್ಟಿತು. ಕಣ್ಣೋಡುವ ಕಾಲದಲ್ಲಿ ನೂರಕ್ಕೆ ಎಂಬತ್ತು, ಉಳಿದ ಕಾಲದಲ್ಲಿ ನೂರಕ್ಕೆ ಏಳು ಸಲ ಮಾತ್ರ ಕನಸು. ಆದರೆ ೧೯೬೨ರಲ್ಲಿ ಡೇವಿಡ್ ಫೌಕ್ಸ್ ಎಂಬ ವಿದ್ವಾಂಸನು ಪ್ರಶ್ನೆಯನ್ನೇ ಬದಲಾಯಿಸಿದನು. 'ಕನಸು ಬಿದ್ದಿತ್ತೆ?' ಎನ್ನುವ ಬದಲು 'ಮನಸ್ಸಿನಲ್ಲಿ ಏನು ನಡೆಯುತ್ತಿತ್ತು?' ಎಂದು ಕೇಳಿದಾಗ, ಕಣ್ಣೋಡದ ನಿದ್ರೆಯಿಂದ ಎದ್ದವರೂ ಅರ್ಧಕ್ಕಿಂತ ಹೆಚ್ಚು ಸಲ ಏನಾದರೊಂದನ್ನು ಹೇಳಿದರು. ಪ್ರಶ್ನೆಯ ಒಂದು ಶಬ್ದದಿಂದ ಪ್ರಮೇಯವೇ ಬೇರೆಯಾದುದನ್ನು ಶಬ್ದಶಾಸ್ತ್ರಜ್ಞರು ಗಮನಿಸಬೇಕು. ಮುಂದೆ ೧೯೯೭ರಲ್ಲಿ ಮಾರ್ಕ್ ಸೋಮ್ಸ್ ಎಂಬ ವೈಜ್ಞಾನಿಕನು, ಮಿದುಳಿನ ಮುಂಭಾಗದ ಕೆಲವು ಪ್ರದೇಶಗಳು ಕೆಟ್ಟವರಲ್ಲಿ ಕಣ್ಣೋಡುವ ನಿದ್ರೆ ಉಳಿದೂ ಕನಸು ನಿಂತುಹೋಗಬಹುದೆಂದು ಪ್ರತಿಪಾದಿಸಿದನು. ಆದುದರಿಂದ ಕಣ್ಣೋಟವೂ ಕನಸೂ ಬಹುಮಟ್ಟಿಗೆ ಸಹಚರಗಳೇ ಹೊರತು ಒಂದೇ ಅಲ್ಲ. ಹೊಗೆಯಿದ್ದೆಡೆಯೆಲ್ಲ ಬೆಂಕಿಯೆಂಬಂಥ ವ್ಯಾಪ್ತಿ ಇಲ್ಲಿ ಸಿದ್ಧಿಸುವುದಿಲ್ಲ.

ಹೀಗಿರುವುದರಿಂದ ಈ ಎರಡು ನಿದ್ರೆಗಳಿಗೆ ಕನ್ನಡದಲ್ಲಿ ಲಕ್ಷಣವನ್ನೇ ಹೇಳುವ ಹೆಸರುಗಳು ಬೇಕು. 'ಚಪಲನೇತ್ರನಿದ್ರೆ', 'ಅಚಪಲನೇತ್ರನಿದ್ರೆ' ಎಂದರೆ ಸಾಕೆಂದು ನನಗೆ ತೋರುತ್ತದೆ. ಎರಡನೆಯದನ್ನು 'ನಿಶ್ಚಲನೇತ್ರ'ವೆಂದರೆ ದೋಷವುಂಟು. ಜೊಂಪು ಹತ್ತುವಾಗ ಕಣ್ಣಾಲಿಗಳು ಮೆಲ್ಲನೆ ಹೊರಳುವುವು. ಅಲ್ಲಿ ಇಲ್ಲದಿರುವುದು ಚಾಪಲವು ಮಾತ್ರ. ಸುಷುಪ್ತಿಶಬ್ದವನ್ನು ಅದರ ಶಾಸ್ತ್ರದಲ್ಲಿಯೇ ಬಿಡುವುದು ಲೇಸು.

ಏಕೆ ಬಿಡಬೇಕೆಂದರೆ, ಸುಷುಪ್ತಿಯ ವಿಭಾಗವು ಹೊರಗಿನಿಂದ ಅಳೆದು ಮಾಡಿದುದಲ್ಲ, ಎಚ್ಚತ್ತವನ ಅನುಭವವನ್ನು ಪರಾಮರ್ಶಿಸಿ ಮಾಡಿದುದು. ಸುಖವಾಗಿ ಮಲಗಿದ್ದೆ, ಏನೊಂದೂ ತಿಳಿಯಲಿಲ್ಲ ಎಂದು ಎದ್ದವನು ಹೇಳುವ ಮಾತನ್ನು ಹಿಡಿದು ನಮ್ಮ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದರು. ಅದ್ವೈತಿಗಳು ಇದು ಸ್ಮೃತಿಯೆಂದರು. ಅನುಭವವಿಲ್ಲದೆ ಸ್ಮೃತಿಯಿಲ್ಲವಾದುದರಿಂದ ಸುಷುಪ್ತಿಯಲ್ಲಿಯೂ ಸಾಕ್ಷಿಚೈತನ್ಯವುಂಟೆಂಬುದು ಅವರ ಸಿದ್ಧಾಂತ. ನೈಯಾಯಿಕರು ಒಪ್ಪಲಿಲ್ಲ, ಅಲ್ಲಿ ಜ್ಞಾನವೇ ಇಲ್ಲ, ಎದ್ದಮೇಲೆ ದೇಹದ ಹಗುರವನ್ನೂ ಕಳೆದ ಹೊತ್ತನ್ನೂ ಕಂಡು ಹೀಗೆಂದು ಅನುಮಾನಿಸುವನೆಂದರು. ವ್ಯಾಸಭಾಷ್ಯವು ಸುಖದ ನಿದ್ರೆ, ದುಃಖದ ನಿದ್ರೆ, ಮೂಢನಿದ್ರೆ ಎಂದು ಎದ್ದವನ ನೆನಪಿನಲ್ಲಿಯೇ ಮೂರು ಬಗೆಯನ್ನು ಕಾಣುತ್ತದೆ. ಈ ವಿವಾದವನ್ನು ಮಿದುಳಿನ ತರಂಗವೊಂದರಿಂದ ತೀರಿಸಲಾಗದು. ವಿಶೇಷವೇನೆಂದರೆ, ನವೀನರೂ ಈಗ ಅದೇ ಕವಲಿಗೆ ಬಂದು ನಿಂತಿದ್ದಾರೆ. ೨೦೧೬ರಲ್ಲಿ ಜೆನಿಫರ್ ವಿಂಟ್, ಟೋರೆ ನೀಲ್ಸನ್, ಇವಾನ್ ಥಾಮ್ಸನ್ ಎಂಬ ಮೂವರು ಕನಸಿಲ್ಲದ ನಿದ್ರೆಯಲ್ಲಿ ಪ್ರಜ್ಞೆಯು ಅಳಿದುಹೋಗುವುದೇ ಎಂಬ ಪ್ರಶ್ನೆಯನ್ನೇ ಶಿರೋನಾಮೆಯಾಗಿಟ್ಟು ಲೇಖನ ಬರೆದರು. ಭಾರತೀಯ ದರ್ಶನಗಳ ಈ ವಾದವನ್ನು ಥಾಮ್ಸನ್ ತನ್ನ ಗ್ರಂಥದಲ್ಲಿ ವಿಸ್ತರಿಸಿ ಚರ್ಚಿಸಿದ್ದಾನೆ. ೨೦೧೭ರಲ್ಲಿ ಫ್ರಾಂಚೆಸ್ಕಾ ಸಿಕ್ಲಾರಿ ಎಂಬಾಕೆಯೂ ಸಂಗಡಿಗರೂ ಎಬ್ಬಿಸಿದವರ ಉತ್ತರಗಳನ್ನು ಎರಡಾಗಿ ಅಲ್ಲ, ಮೂರಾಗಿ ವಿಂಗಡಿಸಿದರು: ಕನಸಿತ್ತು, ಇಂಥದೆಂದು ನೆನಪಿದೆ, ಏನೋ ಕನಸಿತ್ತು, ಏನೆಂದು ನೆನಪಿಲ್ಲ, ಏನೂ ಇರಲಿಲ್ಲ. ನಡುವಣ ವರ್ಗವು ನೈಯಾಯಿಕನಿಗೂ ಅದ್ವೈತಿಗೂ ಒಳ್ಳೆಯ ಮೇವು. ಚಪಲನೇತ್ರವಾಗಲಿ ಅಚಪಲನೇತ್ರವಾಗಲಿ, ಅನುಭವವಿದ್ದಾಗ ಮಿದುಳಿನ ಹಿಂಭಾಗದ ಪ್ರದೇಶವೊಂದರಲ್ಲಿ ನಿಧಾನತರಂಗಗಳು ತಗ್ಗುವುವೆಂದು ಅವರು ಕಂಡರು. ಉಪನಿಷತ್ತು ಇದನ್ನು ಹೇಳಿತ್ತೆಂದು ನಾವು ಹೇಳಬೇಕಾಗಿಲ್ಲ. ಪ್ರಶ್ನೆಯು ಒಂದೇ ಎಂದು ಹೇಳಿದರೆ ಸಾಕು.

ನಿದ್ರಾವ್ಯಾಧಿಗಳ ವಿಷಯದಲ್ಲಿ ಈ ವಿವೇಕವು ಇನ್ನೂ ಅವಶ್ಯ. ನಿದ್ರೆಯಲ್ಲಿ ಎದ್ದು ನಡೆಯುವವನು ಕನಸಿನಂತೆ ನಡೆಯುತ್ತಿದ್ದಾನೆಂದು ಲೋಕವು ತಿಳಿಯುವುದು. ಆದರೆ ಆ ನಡಿಗೆ, ಮಕ್ಕಳು ಚೀರಿ ಏಳುವ ರಾತ್ರಿಭೀತಿ, ಇವೆರಡೂ ಸಾಮಾನ್ಯವಾಗಿ ರಾತ್ರಿಯ ಮೊದಲ ಭಾಗದಲ್ಲಿ, ಅತಿಗಾಢವಾದ ಅಚಪಲನೇತ್ರನಿದ್ರೆಯಿಂದ ಹುಟ್ಟುವುವು. ಬೆಳಿಗ್ಗೆ ಮಗುವಿಗೆ ಅದರ ನೆನಪೇ ಇರುವುದಿಲ್ಲ. ಇದಕ್ಕೆ ವಿಪರೀತವಾಗಿ, ೧೯೮೬ರಲ್ಲಿ ಅಮೆರಿಕೆಯ ಶೆಂಕ್, ಮಹೋವಾಲ್ಡ್ ಎಂಬ ವೈದ್ಯರು ವರ್ಣಿಸಿದ ವ್ಯಾಧಿಯಲ್ಲಿ ಚಪಲನೇತ್ರನಿದ್ರೆಗೆ ಸಹಜವಾದ ಸ್ನಾಯುಶೈಥಿಲ್ಯವು ತಪ್ಪಿ, ಮಲಗಿದವನು ತನ್ನ ಕನಸನ್ನೇ ಅಭಿನಯಿಸುತ್ತ ಒದೆಯುವನು, ಗುದ್ದುವನು. ಇಂಥವರಲ್ಲಿ ಅನೇಕರಿಗೆ ವರ್ಷಗಳು ಕಳೆದಮೇಲೆ ಕಂಪವಾತವು ತೋರಿಕೊಳ್ಳುವುದಾದುದರಿಂದ ವೈದ್ಯರು ಇದನ್ನು ಲಘುವಾಗಿ ಎಣಿಸುವುದಿಲ್ಲ. ಬರಿಯ ಕನವರಿಕೆಯಾದರೋ ಯಾವ ನಿದ್ರೆಯಲ್ಲಿಯೂ ಬರಬಹುದು, ಅದಕ್ಕೆ ಹೆದರಬೇಕಾದುದಿಲ್ಲ.

ಕೊನೆಗೆ, ಸ್ವಪ್ನಶಬ್ದವನ್ನು ತಪ್ಪಾಗಿ ಓದುವುದರಿಂದ ಒಂದು ವ್ಯಾಧಿಲಕ್ಷಣವೇ ಕಣ್ಮರೆಯಾಗುವ ಸ್ಥಳವೊಂದನ್ನು ತೋರಿಸುತ್ತೇನೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ಅತಿಸ್ಥೂಲನ ಲಕ್ಷಣಗಳನ್ನು ಹೇಳುವಾಗ ಕ್ಷುದ್ರಶ್ವಾಸ, ಬಾಯಾರಿಕೆ, ಹಸಿವು, ಸ್ವಪ್ನ, ಬೆವರು, ಮೈನಾತ, ಕ್ರಥನ ಮೊದಲಾದುವು ಎಣಿಸಲ್ಪಟ್ಟಿವೆ. ಇಲ್ಲಿ ಸ್ವಪ್ನವನ್ನು ಕನಸೆಂದು ಅನುವಾದಿಸಿದರೆ ವಾಕ್ಯವು ಅಸಂಬದ್ಧವಾಗುವುದು. ದಪ್ಪನಾದವನಿಗೇ ಕನಸು ಹೆಚ್ಚೆನ್ನಲು ಕಾರಣವೇನೂ ಇಲ್ಲ. ನಿದ್ರೆಯ ಆಧಿಕ್ಯವೆಂಬುದೇ ಅರ್ಥ. ಕ್ರಥನವೆಂದರೇನು? ಇದ್ದಕ್ಕಿದ್ದಂತೆ ಉಸಿರು ಕಟ್ಟುವುದೆಂದು ವ್ಯಾಖ್ಯಾನಪರಂಪರೆಯಲ್ಲಿ ಅರ್ಥ ಹೇಳಿರುವುದುಂಟು. ಈಗ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು: ಸ್ಥೂಲಶರೀರ, ಉಸಿರು ಕಟ್ಟುವಿಕೆ, ಅತಿನಿದ್ರೆ.

ಯೂರೋಪಿನಲ್ಲಿ ೧೯೬೫ರಲ್ಲಿ ಮಾರ್ಸೇಲ್ಸಿನ ಗಾಸ್ತೋ ಮತ್ತು ಆತನ ಸಂಗಡಿಗರೂ, ಬೇರೆಯಾಗಿ ಜರ್ಮನಿಯ ಯೂಂಗ್ ಮತ್ತು ಕೂಲೋ ಎಂಬವರೂ ಇಂಥ ರೋಗಿಗಳ ಉಸಿರನ್ನು ರಾತ್ರಿಯಿಡೀ ಅಳೆದು ಕಾರಣವನ್ನು ಕಂಡುಹಿಡಿದರು. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ದಾರಿಯು ಮುಚ್ಚುವುದು. ಎದೆ ಎಳೆದರೂ ಗಾಳಿ ಒಳಹೋಗದು. ರಕ್ತದಲ್ಲಿ ಪ್ರಾಣವಾಯು ಕುಗ್ಗುವುದು. ಆಗ ಮಿದುಳು ಕ್ಷಣಮಾತ್ರ ಎಚ್ಚರಗೊಂಡು ಜೋರಾದ ಗೊರಕೆಯೊಡನೆ ಉಸಿರು ಮರಳುವುದು. ಹತ್ತು ಸೆಕೆಂಡಾದರೂ ಇಂಥ ತಡೆಯಾದರೆ ಅದನ್ನು ಲೆಕ್ಕಕ್ಕೆ ಹಿಡಿಯುವರು. ಗಂಟೆಗೆ ಮೂವತ್ತಕ್ಕೆ ಏರಿದರೆ ವ್ಯಾಧಿಯು ತೀವ್ರ. ರೋಗಿಗೆ ಈ ಎಚ್ಚರಗಳ ಅರಿವೇ ಇರುವುದಿಲ್ಲ. ರಾತ್ರಿಯೆಲ್ಲ ಮಲಗಿದೆನೆಂದೇ ತಿಳಿದು, ಹಗಲಿನಲ್ಲಿ ಓದುತ್ತಲೋ ಗಾಡಿ ನಡೆಸುತ್ತಲೋ ತೂಕಡಿಸುವನು. ರಕ್ತದೊತ್ತಡವೂ ಏರುವುದು. ೧೯೮೧ರಲ್ಲಿ ಸಿಡ್ನಿಯ ಕಾಲಿನ್ ಸಲ್ಲಿವನ್ ಮೂಗಿಗೆ ಕಟ್ಟಿದ ಮುಖವಾಡದ ಮೂಲಕ ಮೆಲ್ಲನೆಯ ಗಾಳಿಯ ಒತ್ತಡವನ್ನು ಹಾಯಿಸಿ ಆ ದಾರಿ ತೆರೆದಿರುವಂತೆ ಮಾಡಿದನು. ಈಗಲೂ ಇದೇ ಮುಖ್ಯ ಚಿಕಿತ್ಸೆ.

ಸುಶ್ರುತನು ಈ ಕಾರ್ಯಕಾರಣವನ್ನು ಕಂಡಿದ್ದನೆಂದು ನಾನು ಹೇಳುತ್ತಿಲ್ಲ. ಗಂಟಲು ಮುಚ್ಚುವ ಮಾತು ಅಲ್ಲಿ ಇಲ್ಲ. ಮೇದಸ್ಸು ಹೆಚ್ಚಿ ಸ್ರೋತಸ್ಸುಗಳನ್ನು ತಡೆಯುವುದೆಂಬುದು ಅವನ ನಿರೂಪಣೆ. ಮೇಲಾಗಿ ಕ್ರಥನವು ನಿದ್ರೆಯಲ್ಲಿಯೇ ಆಗುವುದೆಂದು ಮೂಲವು ಸ್ಪಷ್ಟಪಡಿಸುವುದಿಲ್ಲ. ಆದರೆ ಹಾಸಿಗೆಯ ಬಳಿ ಕುಳಿತು ನೋಡಿದ ವೈದ್ಯನೊಬ್ಬನ ಕಣ್ಣು ಆ ಪಟ್ಟಿಯ ಹಿಂದೆ ಇದೆ. ಸಂಹಿತೆಗಳನ್ನು ಕನ್ನಡಿಸುವವರು ಈ ಸ್ಥಳದಲ್ಲಿ ಸ್ವಪ್ನಕ್ಕೆ 'ಅತಿನಿದ್ರೆ' ಎಂದೂ, ಕ್ರಥನಕ್ಕೆ ಬರಿಯ 'ಗೊರಕೆ' ಎನ್ನದೆ 'ಉಸಿರು ಕಟ್ಟುವಿಕೆ' ಎಂದೂ ಬರೆದು, ಅಡಿಯಲ್ಲಿ ವ್ಯಾಖ್ಯಾನಕಾರರ ಅರ್ಥವನ್ನು ಉದಾಹರಿಸುವುದು ಯುಕ್ತ.