ಮಾಪುಚೆ ಜನರ ದನಿ

ದಕ್ಷಿಣ ಅಮೆರಿಕದ ಭೂಪಟವನ್ನು ಬಿಡಿಸಿ ನೋಡಿ. ಪಡುವಣ ಕರಾವಳಿಯ ಉದ್ದಕ್ಕೂ ಹಗ್ಗ ಎಳೆದಂತೆ ಚಿಲಿ ದೇಶ ಕಾಣುತ್ತದೆ. ಅದರ ತೆಂಕಣ ಭಾಗದಲ್ಲಿಯೂ ಆಂಡೀಸ್ ಪರ್ವತದಾಚೆಯ ಅರ್ಜೆಂಟೀನದಲ್ಲಿಯೂ ಮಾಪುಚೆ ಎಂಬ ಜನರಿದ್ದಾರೆ. 'ಮಾಪು' ಎಂದರೆ ನೆಲ, 'ಚೆ' ಎಂದರೆ ಜನ. ಅವರ ಭಾಷೆಯ ಹೆಸರು ಮಾಪುದುಂಗುನ್, ಎಂದರೆ ನೆಲದ ನುಡಿ. ನಮ್ಮ ವ್ಯಾಕರಣದ ಲೆಕ್ಕದಲ್ಲಿ ಎರಡೂ ಷಷ್ಠೀ ತತ್ಪುರುಷವೇ ಸರಿ! ಹೆಸರಿನಲ್ಲಿಯೇ ನೆಲವನ್ನು ಹೊತ್ತ ಈ ಜನರ ಕೈಯಿಂದ ನೆಲವೇ ಜಾರಿಹೋದಾಗ ಅವರಿಗೆ ಆಸರೆಯಾಗಿ ಉಳಿದದ್ದು ದನಿ.

ಸ್ಪೇನಿನವರು 1541ರಲ್ಲಿ ಸಾಂಟಿಯಾಗೊ ನಗರವನ್ನು ಸ್ಥಾಪಿಸಿ ದಕ್ಷಿಣಕ್ಕೆ ನುಗ್ಗಿದರು. 1553ರಲ್ಲಿ ಲೌತಾರೊ ಎಂಬ ಮಾಪುಚೆ ತರುಣನ ಪಡೆಯೊಡನೆ ಕಾದಾಡಿ ಅವರ ನಾಯಕ ವಾಲ್ಡಿವಿಯಾ ಮಡಿದನು. ಕಡೆಗೆ 1641ರ ಕಿಲಿನ್ ಒಪ್ಪಂದದಲ್ಲಿ ಬಿಯೊಬಿಯೊ ನದಿಯನ್ನು ಗಡಿಯೆಂದು ಒಪ್ಪಿಕೊಳ್ಳಬೇಕಾಯಿತು.

ಇವರ ವಾದ್ಯಗಳಲ್ಲಿ ಒಂದು ಸ್ವಾರಸ್ಯವುಂಟು. ಜನರನ್ನು ಕೂಗಿ ಕರೆಯಲು ಊದುವ ಕುಲ್‌ಕುಲ್ ದನದ ಕೊಂಬು. ತ್ರುತ್ರುಕ ಎಂಬುದು ಆಳಿಗಿಂತ ಉದ್ದದ ಕಹಳೆ: ಬಿದಿರಿನಂಥ ಗಳುವನ್ನು ಸೀಳಿ, ಒಳಗನ್ನು ಟೊಳ್ಳುಮಾಡಿ, ಮತ್ತೆ ಜೋಡಿಸಿ, ಕರುಳಿನ ಹೊದಿಕೆ ಹಾಕಿ, ತುದಿಗೆ ದನದ ಕೊಂಬನ್ನು ಸಿಕ್ಕಿಸುತ್ತಾರೆ. ಆ ನಾಡಿಗೆ ದನ ತಂದವರು ಸ್ಪೇನಿನವರು. ಕೊಂಬು ಊದಿದವರು ಅವರನ್ನು ಎದುರಿಸಿದವರು! ಸಂಗೀತ ಕಚೇರಿಯಲ್ಲಿ ಮೃದಂಗದ ಜೊತೆಗೆ ನುಡಿಯುವ ಮೋರ್ಚಿಂಗನ್ನು ನೀವು ಕೇಳಿದ್ದೀರಷ್ಟೆ. ಅದರ ಜಾತಿಯದೇ ಆದ ತ್ರೊಂಪೆ ಯೂರೋಪಿನಿಂದ ಅಲ್ಲಿಗೆ ಹೋಗಿ, ತರುಣರು ಒಲಿದವಳನ್ನು ಮೆಚ್ಚಿಸಲು ನುಡಿಸುವ ವಾದ್ಯವಾಯಿತು.

ಇವೆಲ್ಲಕ್ಕಿಂತ ಪೂಜ್ಯವಾದದ್ದು ಕುಲ್ತ್ರುನ್ ಎಂಬ ಚರ್ಮವಾದ್ಯ. ಮರದ ಬೋಗುಣಿಗೆ ತೊಗಲು ಬಿಗಿದು, ಅದರ ಮೇಲೆ ನಾಲ್ಕು ದಿಕ್ಕುಗಳ ಗುರುತಾಗಿ ಗೆರೆಗಳನ್ನು ಬರೆಯುತ್ತಾರೆ. ಅದನ್ನು ಬಾರಿಸುವವರು ಮಾಚಿ. ರೋಗ ಕಳೆಯುವ, ದೇವತಾಕಾರ್ಯ ನಡೆಸುವ ಇವರಲ್ಲಿ ಹೆಂಗಸರೇ ಹೆಚ್ಚು. ತೊಗಲನ್ನು ಮುಚ್ಚುವ ಮುನ್ನ ಮಾಚಿಯು ಆ ಬೋಗುಣಿಯೊಳಕ್ಕೆ ತನ್ನ ಕೊರಳಿನ ಕೂಗನ್ನು ತುಂಬುತ್ತಾಳೆ. ಅಲ್ಲಿಂದ ಮುಂದೆ ಆ ವಾದ್ಯದ ದನಿ ಅವಳದೇ ದನಿ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರು ತಳ್ಳಲಿ. ನನಗಂತೂ ಇದರಲ್ಲಿ ಕಾವ್ಯ ಕಾಣುತ್ತದೆ.

ಸ್ಪೇನ್ ಮಾಡಲಾಗದ್ದನ್ನು ಸ್ವತಂತ್ರ ಚಿಲಿ ಮಾಡಿತು. 1861ರಿಂದ 1883ರವರೆಗೆ ಸೈನ್ಯ ನಡೆಸಿ, ಅದಕ್ಕೆ 'ಶಾಂತಿಸ್ಥಾಪನೆ' ಎಂದು ಹೆಸರಿಟ್ಟಿತು. ಮಾಪುಚೆಯರ ಪಾಲಿಗೆ ಉಳಿದದ್ದು ಹಿಂದಿನ ನೆಲದಲ್ಲಿ ಇಪ್ಪತ್ತರಲ್ಲೊಂದು ಭಾಗದಷ್ಟು. ಹೊಟ್ಟೆಪಾಡಿಗಾಗಿ ಅವರು ನಗರ ಸೇರಿದರು. 2017ರ ಜನಗಣತಿಯಲ್ಲಿ ಚಿಲಿಯ ಮಾಪುಚೆಯರು ಸುಮಾರು 17 ಲಕ್ಷ; ಅವರಲ್ಲಿ ಮೂರರಲ್ಲೊಂದು ಪಾಲು ಸಾಂಟಿಯಾಗೊ ಪ್ರಾಂತದವರು. ಶಾಲೆಯಲ್ಲಿ ಸ್ಪ್ಯಾನಿಷ್, ಕೆಲಸದಲ್ಲಿ ಸ್ಪ್ಯಾನಿಷ್. ನೆಲದ ನುಡಿಯಾಡಿದರೆ ನಗುವವರೇ ಹೆಚ್ಚಾದುದರಿಂದ, ಎಷ್ಟೋ ತಾಯಂದಿರು ಮಕ್ಕಳ ಮುಂದೆ ಅದನ್ನು ಆಡದೆ ನುಂಗಿಕೊಂಡರು. ಮನೆಯ ರೇಡಿಯೋ ಕೂಡ ಮಾತನಾಡಿದ್ದು ಗೆದ್ದವರ ಭಾಷೆಯಲ್ಲಿಯೇ. ಭಾಷೆಯನ್ನು ಮರೆಸುವುದರಲ್ಲಿ ಈ ಪೆಟ್ಟಿಗೆಯ ಕೈವಾಡವೂ ಸಣ್ಣದಲ್ಲ.

ಆದರೆ ಪೆಟ್ಟಿಗೆಗೆ ತನ್ನದೆಂಬ ಭಾಷೆಯಿಲ್ಲ. ತುಂಬಿದ ದನಿಯೇ ಅದರ ದನಿ. 1993ರಲ್ಲಿ ಸಾಂಟಿಯಾಗೊದ ಮಾಪುಚೆಯರು 'ವಿಚಾಗೆ ಅನಾಯ್' ಎಂಬ ಬಾನುಲಿ ಕಾರ್ಯಕ್ರಮವನ್ನು ಆರಂಭಿಸಿದರು. ಹೆಸರಿನ ಅರ್ಥ 'ಏಳು, ಎದ್ದೇಳು' ಎಂದು. ಅದಕ್ಕೆ ಎಡೆಕೊಟ್ಟದ್ದು ಸ್ತ್ರೀಯರು ಕಟ್ಟಿದ ರೇಡಿಯೋ ತಿಯೆರ್ರ ಎಂಬ ನಿಲಯ. 'ತಿಯೆರ್ರ' ಎಂದರೂ ನೆಲವೆಂದೇ ಅರ್ಥ. ಗುಡ್ಡದಾಚೆಯವರನ್ನು ಕೊಂಬು ಕರೆಯುತ್ತಿದ್ದಂತೆ, ಮಹಾನಗರದ ಬೀದಿಬೀದಿಗಳಲ್ಲಿ ಚದುರಿಹೋದವರನ್ನು ಆ ಪ್ರಸಾರ ಕರೆಯಿತು. ಅಡಿಗೆಮನೆಯಲ್ಲಿ ಕೂಡ ಆಡಲು ಹೆದರಿದ್ದ ಮಾತು ಗಾಳಿಯ ಮೇಲೆ ಬಂದರೆ ಕೇಳುವವನಿಗೆ ಹೇಗಾಗಬೇಕು, ನೀವೇ ಊಹಿಸಿ. ಈಚೆಗೆ ಅಲ್ಲಿನ ಯುವಕರು ತಮ್ಮ ನುಡಿಯಲ್ಲಿ ರ‍್ಯಾಪ್ ಹಾಡುಗಳನ್ನೂ ಕಟ್ಟಿದ್ದಾರೆ.

2021ರ ಜುಲೈ 4ರಂದು ಚಿಲಿಯ ಸಂವಿಧಾನ ರಚನಾ ಸಭೆಗೆ ಎಲಿಸಾ ಲೊಂಕೊನ್ ಎಂಬ ಮಾಪುಚೆ ವಿದುಷಿ ಅಧ್ಯಕ್ಷೆಯಾದರು. ಅವರು ಮೊದಲು ನುಡಿದದ್ದು ಮಾಪುದುಂಗುನ್‌ನಲ್ಲಿ. ದೇಶವೆಲ್ಲ ಅದನ್ನು ಕೇಳಿತು. ಆ ಸಭೆ ಬರೆದ ಕರಡನ್ನು ಮುಂದಿನ ವರ್ಷದ ಸೆಪ್ಟೆಂಬರ್ 4ರಂದು ಮತದಾರರು ತಿರಸ್ಕರಿಸಿದರು. ನೆಲದ ವ್ಯಾಜ್ಯ ತೀರಲಿಲ್ಲ.