‘ಲಾಗಿದೆ’ಗಳ ನಡುವೆ ಒಂದು ನೌಕರಿ

ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಹನ್ನೊಂದು ವರ್ಷ ವರದಿಗಾರನಾಗಿದ್ದೆ. ನನ್ನ ಹೆಸರು ಹಾಕಿ ಬಂದ ಸುದ್ದಿಗಳನ್ನೆಲ್ಲ ನಮ್ಮವ್ವ ಕತ್ತರಿಸಿ ಟ್ರಂಕಿನಲ್ಲಿ ಇಡುತ್ತಿದ್ದಳು. ವಾರ್ತಾ ಇಲಾಖೆ ಸೇರಿದ ಮೇಲೆ ಟ್ರಂಕು ತುಂಬುವುದು ನಿಂತಿತು. “ಈಗ ಏನೂ ಬರಿಯೂದಿಲ್ಲೇನೋ?” ಅಂತ ಕೇಳುತ್ತಿದ್ದಳು. ಬರೆಯುತ್ತಿದ್ದೆ, ದಿನಕ್ಕೆ ಮೂರು ನಾಲ್ಕು. ಅವು ಮರುದಿನ ಆರೇಳು ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು ಕೂಡ. ಬರೆದವನು ಮಾತ್ರ ಎಲ್ಲ ಕಡೆ ‘ನಮ್ಮ ಪ್ರತಿನಿಧಿ’. ಒಮ್ಮೆ ಹಳೆಯ ಗೆಳೆಯನೊಬ್ಬ ನನ್ನ ಪತ್ರಿಕಾ ಪ್ರಕಟಣೆಗೆ ಅಕ್ಷರವೂ ಬದಲಿಸದೆ ತನ್ನ ಹೆಸರು ಹಾಕಿಕೊಂಡಿದ್ದ. ಫೋನ್ ಮಾಡಿ, “ಭಾಷೆ ಭಾಳ ಚಲೋ ಐತಲೇ” ಅಂದೆ. “ಹೌದಲ್ಲ, ರಾತ್ರಿ ಕೂತು ಬರದೀನಿ” ಅಂದ.

ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಅಂದರೆ ಅನೇಕರಿಗೆ ಜಾಹೀರಾತು ಕೊಡುವ ಕಚೇರಿ. ಬೆಂಗಳೂರಿನ ಇನ್‌ಫೆಂಟ್ರಿ ರಸ್ತೆಯಲ್ಲಿ ವಾರ್ತಾ ಸೌಧ, ಜಿಲ್ಲೆಗೊಂದು ಕಚೇರಿ. ಜಿಲ್ಲೆಯಲ್ಲಿ ನಮ್ಮ ದಿನ ಶುರುವಾಗುವುದು ಕತ್ತರಿಯಿಂದ. ಬೆಳಿಗ್ಗೆ ಏಳಕ್ಕೆ ಪತ್ರಿಕೆಗಳನ್ನೆಲ್ಲ ಜಾಲಾಡಿ, ಆಡಳಿತಕ್ಕೆ ಸಂಬಂಧಿಸಿದ ಸುದ್ದಿ ಕತ್ತರಿಸಿ, ಹಾಳೆಗೆ ಅಂಟಿಸಿ ಜಿಲ್ಲಾಧಿಕಾರಿಗಳ ಮೇಜಿಗೆ ತಲುಪಿಸಬೇಕು. ಈಚೆಗೆ ಅದೆಲ್ಲ ವಾಟ್ಸ್‌ಆ್ಯಪ್‌ಗೆ ಬಂದಿದೆ. ವರದಿಗಾರನಾಗಿದ್ದಾಗ ನನ್ನ ಸುದ್ದಿಗೂ ಯಾರೋ ಹೀಗೆ ಕತ್ತರಿ ಹಾಕುತ್ತಿದ್ದಿರಬೇಕಲ್ಲ ಎಂದು ಮೊದಲ ದಿನವೇ ಹೊಳೆಯಿತು. ಊರಿನಲ್ಲಿ ಆಸೆಯಿಂದ ನನ್ನ ಸುದ್ದಿ ಕತ್ತರಿಸುತ್ತಿದ್ದವಳು ಅವ್ವ ಒಬ್ಬಳೇ ಅಲ್ಲ!

ಕತ್ತರಿ ಕೆಲಸ ಮುಗಿದರೆ ಸಭೆಗಳು: ಕೆಡಿಪಿ, ಕುಂದುಕೊರತೆ, ಮಂತ್ರಿಗಳ ಪರಿಶೀಲನೆ. ಚುನಾವಣೆ ಬಂತೆಂದರೆ ಕಾಸಿಗಾಗಿ ಸುದ್ದಿಯ ಮೇಲೆ ಕಣ್ಣಿಡುವ ಸಮಿತಿ. ಇವೆಲ್ಲ ಅಭ್ಯಾಸವಾಗುತ್ತವೆ. ನನಗೆ ಕೊನೆಯತನಕ ಒಗ್ಗದೇ ಹೋದದ್ದು ‘ಲಾಗಿದೆ’. ಬೀಜ ವಿತರಿಸಲಾಗಿದೆ, ಕ್ರಮ ಕೈಗೊಳ್ಳಲಾಗಿದೆ, ಕಾಮಗಾರಿ ಪೂರ್ಣಗೊಳಿಸಲಾಗಿದೆ. ಯಾರು ಮಾಡಿದರು, ಯಾವಾಗ? ಕರ್ತೃವೇ ಇಲ್ಲದ ವಾಕ್ಯ. ಡೆಸ್ಕಿನಲ್ಲಿ ಇಂಥ ವಾಕ್ಯ ಬರೆದರೆ ಸುದ್ದಿ ಸಂಪಾದಕರು ಹಾಳೆಯನ್ನು ಮುಖಕ್ಕೆ ಎಸೆಯುತ್ತಿದ್ದರು. ಸರ್ಕಾರಿ ಕಾಗದದಲ್ಲಿ ಕರ್ತೃ ಕಾಣಿಸಿಕೊಂಡರೆ ನಾಳೆ ಅವನಿಗೇ ನೋಟಿಸು ಬಂದೀತು; ಅದಕ್ಕೇ ಅಡಗಿ ಕೂತಿರುತ್ತಾನೆ. ಇದು ನನಗೆ ಅರ್ಥವಾಗಲು ಎರಡು ವರ್ಷ ಹಿಡಿಯಿತು.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ‘ಲಾಗಿದೆ’ಯ ಜೊತೆ ನನ್ನ ನಿಜವಾದ ಜಗಳ ನಡೆಯಿತು. ನವಿಲುತೀರ್ಥದ ಜಲಾಶಯದಿಂದ ನೀರು ಬಿಡುವ ಬಗ್ಗೆ ಕೈಗೆ ಬಂದ ಕರಡಿನಲ್ಲಿ ಇದ್ದದ್ದು ಇಷ್ಟು: ಇಂತಿಷ್ಟು ಸಾವಿರ ಕ್ಯೂಸೆಕ್ ಹರಿಸಲಾಗುವುದು, ನದಿಪಾತ್ರದ ಸಾರ್ವಜನಿಕರು ಜಾಗೃತರಾಗಿರತಕ್ಕದ್ದು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್, ಹೆಚ್ಚುಕಡಿಮೆ ಎರಡು ಕೊಡ ನೀರು. ಹೊಳೆದಂಡೆಯ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತವಳಿಗೆ ಇದರಿಂದ ಏನು ತಿಳಿಯಬೇಕು? ಅವಳಿಗೆ ಬೇಕಾದದ್ದು ನೀರು ತನ್ನೂರಿಗೆ ಎಷ್ಟೊತ್ತಿಗೆ ಮುಟ್ಟುತ್ತದೆ, ಯಾವ ಸೇತುವೆ ಮುಳುಗುತ್ತದೆ, ದನ ಬಿಚ್ಚಿಕೊಂಡು ಎತ್ತ ಹೋಗಬೇಕು ಎಂಬುದು. ನೀರಾವರಿಯವರಿಗೆ, ತಹಶೀಲ್ದಾರರಿಗೆ ಫೋನ್ ಹಚ್ಚಿ ಇಷ್ಟನ್ನೂ ಕೇಳಿ ಎಂಟು ಸಾಲು ಬರೆದೆ. ಮೇಲಿನವರೊಬ್ಬರು ಓದಿ, “ಏನ್ರಿ ಇದು, ಡಂಗುರ ಸಾರಿದಂಗ ಐತಿ” ಅಂದರು. ಡಂಗುರವೇ ರೀ, ಅಂದೆ. ಸಹಿ ಬಿತ್ತು. ಅಷ್ಟರಲ್ಲಿ ಡ್ಯಾಮೇ ಒಡೆದಿದೆ ಎಂಬ ಧ್ವನಿಮುದ್ರಿಕೆ ಫೋನಿನಿಂದ ಫೋನಿಗೆ ಓಡುತ್ತಿತ್ತು. ಆ ರಾತ್ರಿ ಎಷ್ಟು ಕರೆ ತೆಗೆದುಕೊಂಡೆನೋ ಲೆಕ್ಕವಿಲ್ಲ. ಹಳೆಯ ಸಂಪರ್ಕಗಳೆಲ್ಲ ಒಂದೇ ಕೇಳುತ್ತಿದ್ದವು: “ನೀ ಹೇಳಿದ್ರ ನಂಬ್ತೀವಿ. ಒಡದದೇನು?” ಒಡೆದಿರಲಿಲ್ಲ.

ಆ ‘ನೀ ಹೇಳಿದ್ರ ನಂಬ್ತೀವಿ’ ನಾನು ಪತ್ರಿಕೆಯಲ್ಲಿ ದುಡಿದು ಗಳಿಸಿದ್ದು. ಇಲಾಖೆಯಲ್ಲಿ ಕೂತು ಅದನ್ನು ಖರ್ಚು ಮಾಡುತ್ತಿದ್ದೆ. ಎಲ್ಲ ದಿನವೂ ಇಷ್ಟು ಸಲೀಸಾಗಿ ಅಲ್ಲ. ಎದುರಿನ ಕುರ್ಚಿಯಲ್ಲಿ ಕೂತ ಗೆಳೆಯ ಒಂದು ಪ್ರಶ್ನೆ ಕೇಳುತ್ತಾನೆ. ಉತ್ತರ ನನ್ನ ಡ್ರಾಯರಿನಲ್ಲೇ ಇದೆ. “ಸಾಹೇಬರನ್ನ ಕೇಳಪಾ” ಅನ್ನುತ್ತೇನೆ. ಸುಳ್ಳು ಹೇಳಲಿಲ್ಲ ನಿಜ. ಆದರೂ ಅವತ್ತಿನ ಚಹಾ ಇಬ್ಬರಿಗೂ ರುಚಿಸುವುದಿಲ್ಲ.

ಇಂಥ ಹೊತ್ತಿನಲ್ಲಿ ನೆನಪಾಗುತ್ತಿದ್ದವರು ಎಚ್.ವೈ. ಶಾರದಾ ಪ್ರಸಾದ್. 1924ರಲ್ಲಿ ಹುಟ್ಟಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡವರು. ಮುಂಬೈನಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್‌ನ ಸುದ್ದಿಮನೆಯಲ್ಲಿದ್ದು, ಆಮೇಲೆ ಸರ್ಕಾರದ ‘ಯೋಜನಾ’ ಪತ್ರಿಕೆಯ ಸಂಪಾದಕರಾದರು. 1966ರಿಂದ ಇಂದಿರಾ ಗಾಂಧಿಯವರ ಕಚೇರಿ. ದೇಶ ರೇಡಿಯೊದಲ್ಲಿ ಕೇಳಿದ ಎಷ್ಟೋ ಭಾಷಣಗಳ ಹಿಂದೆ ಈ ಕನ್ನಡಿಗರ ಪೆನ್ನಿತ್ತು. ತುರ್ತು ಪರಿಸ್ಥಿತಿಯ ದಿನಗಳಲ್ಲೂ ಅವರು ಅಲ್ಲೇ ಇದ್ದರು. ಜೈಲು ಕಂಡ ಪತ್ರಕರ್ತನಿಗೆ ಆಗ ಒಳಗೊಳಗೆ ಏನಾಗಿರಬೇಕು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ನಿವೃತ್ತಿಯ ನಂತರ ಪ್ರಕಾಶಕರು ಬಯಸುವಂಥ ಒಳಗಿನ ಕಥೆಯನ್ನು ಅವರು ಬರೆಯಲೇ ಇಲ್ಲ. ಬದಲಿಗೆ ಪ್ರಬಂಧ ಸಂಕಲನವೊಂದಕ್ಕೆ ‘ನಾನು ಬರೆಯದಿರುವ ಪುಸ್ತಕ’ ಎಂಬರ್ಥದ ಇಂಗ್ಲಿಷ್ ಹೆಸರಿಟ್ಟರು. 2008ರಲ್ಲಿ ತೀರಿಕೊಂಡರು. ನನ್ನ ಡ್ರಾಯರು ಎಲ್ಲಿ, ಅವರ ಕಪಾಟು ಎಲ್ಲಿ! ಆದರೂ ಬೀಗ ಒಂದೇ ಜಾತಿಯದು.

ಗಣರಾಜ್ಯೋತ್ಸವಕ್ಕೆ ಉಸ್ತುವಾರಿ ಮಂತ್ರಿಗಳ ಭಾಷಣ ಸಿದ್ಧಪಡಿಸುವುದೂ ನಮ್ಮದೇ ಕೆಲಸ. ಇಲಾಖೆಗಳಿಂದ ಬಂದ ಪ್ರಗತಿ ವರದಿಗಳ ಕಂತೆಯನ್ನು ಐದು ಪುಟಕ್ಕೆ ಇಳಿಸಬೇಕು. ಪ್ರತಿ ವರ್ಷ ಒಂದಾದರೂ ನನ್ನದೇ ವಾಕ್ಯ ತೂರಿಸುತ್ತಿದ್ದೆ, ‘ಲಾಗಿದೆ’ ಇಲ್ಲದ್ದು.

ನಿವೃತ್ತನಾದ ಎರಡನೇ ವರ್ಷ ಜನವರಿ 26ಕ್ಕೆ ಮೈದಾನದ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಧ್ವನಿವರ್ಧಕದಲ್ಲಿ ನನ್ನ ಹಳೆಯ ವಾಕ್ಯವೊಂದು ಹಾಗೇ ತೇಲಿಬಂತು. ಪಕ್ಕದ ಹಿರಿಯರು ಶೇಂಗಾ ಬಿಡಿಸುತ್ತ, “ಇದು ಹ್ವಾದ ವರ್ಷದ್ದ ಭಾಷಣ ಅಲ್ಲೇನ್ರಿ?” ಅಂದರು.

“ಅಲ್ರಿ,” ಅಂದೆ. “ಅದರ ಹಿಂದಿನ ವರ್ಷದ್ದು.”